ಹಲ್

ಊರಿನ ಹೆಸರು ಹಲ್. ನನ್ನ ಕೆಲಸ ಹಲ್ಲು ಮಾಡುವುದು.
ಇಷ್ಟು ಕೇಳಿ ಗದಗಿನ ನನ್ನ ಅತ್ತಿಗೆ
ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದಳು. ನಾನೂ ನಕ್ಕಿದ್ದೆ.
ಅದು ಗುಳಿಗೆಗಳಿಗಿಂತ ಮೊದಲಿನ ಮಾತು.

ಡಾಕ್ಟರ್ ಪ್ರಿಚರ್ಡ್ ಒಂಬತ್ತು ಪ್ರಶ್ನೆಯ ಹಾಳೆ ಚಾಚುತ್ತಾಳೆ.
ಕಳೆದ ಎರಡು ವಾರದಲ್ಲಿ ಎಷ್ಟು ದಿನ?
ನಿದ್ದೆಗೊಂದು ಸಾಲು, ಹಸಿವೆಗೊಂದು, ದುಃಖಕ್ಕೊಂದು,
ಯಾವುದೂ ರುಚಿಸದಿದ್ದರೆ ಅದಕ್ಕೂ ಒಂದು.
ನಮ್ಮವ್ವನ ಬಳಿ ಇಷ್ಟಕ್ಕೂ ಒಂದೇ ಶಬ್ದ: ಬ್ಯಾಸರ.
ಕೂಸು ಸತ್ತರೂ ಬ್ಯಾಸರ, ಬಸ್ಸು ತಡವಾದರೂ ಬ್ಯಾಸರ,
ಮೂರು ದಿನ ಅದೇ ಪಲ್ಯವಾದರೂ.
ಒಂದೇ ಡಬ್ಬಿಯಲ್ಲಿ ಉಪ್ಪು, ಸಕ್ಕರೆ, ರಂಗೋಲಿ ಪುಡಿ.
ಡಾಕ್ಟರಿಗೆ ಹೇಗೆ ಚಿಟಿಕೆ ಎತ್ತಿ ತೋರಿಸಲಿ?

ಮೊದಲು ಬಿಳಿಯದು. ಸರ್ಟ್ರಲೀನ್, ಐವತ್ತು,
ಬೆಳಿಗ್ಗೆ ಚಹಾದ ಜೊತೆ.
ಎರಡು ವಾರ ಹೊಟ್ಟೆ ತೊಳೆಸಿತು, ಕೈ ನಡುಗಿತು,
ಮೇಣದಲ್ಲಿ ಕೂರಿಸಿದ ಬಾಚಿಹಲ್ಲು ಓರೆಯಾಯಿತು.
ಐದನೆಯ ವಾರ
ಎದೆಯ ಮೇಲೆ ಮಲಗಿದ್ದ ಎಮ್ಮೆ ತಾನಾಗಿ ಎದ್ದು ಹೋಯಿತು.
ತಲೆ ಬಾಚಿದೆ. ಆರು ತಿಂಗಳ ಟಪಾಲು ಒಡೆದೆ.
ನೀರಿನ ಬಿಲ್ಲು ಕಟ್ಟಿದೆ.
ರಾತ್ರಿಯೆಲ್ಲ ದವಡೆ ಕಡಿಯುತ್ತಿತ್ತೆಂದು
ಊಟದ ಬಿಡುವಿನಲ್ಲಿ ನನ್ನದೇ ಹಲ್ಲಿಗೆ
ನಾನೇ ಒಂದು ಕಾಪು ಮಾಡಿಕೊಂಡೆ, ರಸೀದಿಯಿಲ್ಲದೆ.
ಸೊಂಟದ ಮೇಲೆ ಚನ್ನವೀರನ ಕೈ
ರೈಲಿನಲ್ಲಿ ಯಾರದೋ ಚೀಲದ ಮೇಲೆ ಇಟ್ಟಂತಿತ್ತು.
ಪಾಪ, ಅವನೇ ತೆಗೆದುಕೊಂಡ.

ಅತ್ತಿಗೆ ಹೋದಳೆಂದು ಫೋನು ಬಂದ ದಿನ
'ಹೌದಾ' ಅಂದೆ.
ಕಣ್ಣ ಹಿಂದೆ ಎಲ್ಲೋ ಒಂದು ನಲ್ಲಿ,
ತಿರುಗಿಸಿದಷ್ಟೂ ತಿರುಗುತ್ತಿತ್ತು, ಹನಿ ಇಲ್ಲ.
ಮೇಲಿನ ದವಡೆಯ ಹದಿನಾಲ್ಕು ಹಲ್ಲು
ಅವತ್ತೇ ಮುಗಿಸಿ ಕೊಟ್ಟೆ. ಒಂದೂ ಓರೆಯಿಲ್ಲ.

ಆಮೇಲೆ ಹಳದಿಯದು. ಮಿರ್ಟಾಜಪೀನ್, ಹದಿನೈದು, ರಾತ್ರಿ.
ಒಂದನ್ನು ಇಳಿಸುತ್ತ ಇನ್ನೊಂದನ್ನು ಏರಿಸುವ ವಾರಗಳಲ್ಲಿ
ತಲೆಯೊಳಗೆ ಸಡಿಲ ಸ್ವಿಚ್ಚು, ಕತ್ತು ತಿರುಗಿಸಿದರೆ ಚಿಟ್ ಚಿಟ್.
ನಂತರ ನಿದ್ದೆ.
ನಿದ್ದೆಯೆಂದರೆ ಹಂಬರ್ ದಂಡೆಯ ಕೆಸರು:
ಕಾಲು ಕಿತ್ತರೆ ಚಪ್ಪಲಿ ಅಲ್ಲೇ.
ಎರಡು ಗಂಟೆಗೆ ಫ್ರಿಜ್ಜಿನ ಬೆಳಕಿನಲ್ಲಿ ನಿಂತು
ತಂಗಳನ್ನ, ಕೆಂಪು ಖಾರ, ಚೀಸು,
ಯಾರದೋ ಹುಟ್ಟುಹಬ್ಬದ ಕೇಕಿನ ಗುಲಾಬಿ.
ನಾಲ್ಕು ತಿಂಗಳಿಗೆ ಏಳು ಕಿಲೋ. ಬಳೆ ಏರುವುದಿಲ್ಲ.
ಆದರೆ ಕನಸಿಗೆ ಬಣ್ಣ ಬಂದಿದೆ, ಅತ್ತಿಗೆ ಬರುತ್ತಾಳೆ,
ಕಾಲು ಚಾಚಿ ಕೂತು ಕೇಳುತ್ತಾಳೆ ಮತ್ತೆ ಮತ್ತೆ:
ಯಾವೂರು ಅಂದೀ? ಏನು ಕೆಲಸ ಅಂದೀ?
ಹೆಸ್ಸಲ್ ರೋಡಿನ ಬಸ್ಸಿನಲ್ಲಿ ಒಂದು ದಿನ
ಎರಡು ಸ್ಟಾಪಿನಷ್ಟು ದೂರ ಅತ್ತೆ.
ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿದೆ, ಎಲ್ಲರೂ ಹೇಳುವಂತೆ.

ಪಕ್ಕದ ಮನೆಯ ಬೆರಿಲ್, ಎಪ್ಪತ್ತೆರಡು,
ನಾನು ಹೋದ ದಾರಿಯಲ್ಲೇ ಎದುರಿನಿಂದ ಬಂದವಳು:
ಹಳದಿಯಿಂದ ಬಿಳಿಗೆ.
ಹಳದಿಯಲ್ಲಿ ಅವಳು ಬೆಕ್ಕಿನ ಹೆಸರನ್ನೂ ಮರೆತಿದ್ದಳಂತೆ,
ಬಿಳಿಯದು ಅವಳಿಗೆ ಅಳು ಮರಳಿಸಿತಂತೆ.
ನನ್ನಿಂದ ಕಸಿದದ್ದನ್ನೇ ಅವಳಿಗೆ ಕೊಟ್ಟಿತೋ ಎಂದು
ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು.

ಮಂಗಳವಾರ, ಕಸದ ಡಬ್ಬ ಹೊರಗಿಡುವ ಹೊತ್ತು,
ಮೂರೂ ಮುಕ್ಕಾಲಿಗೇ ಕತ್ತಲೆ.
ಮದುವೆಯ ಸೀರೆ ಹೋಲಿಸುವವರ ಹಾಗೆ
ಗೋಡೆಗೆ ಆತು ನಮ್ಮ ಬೆವರು, ಆಕಳಿಕೆ, ತೂಕ ಹೋಲಿಸುತ್ತಿದ್ದೆವು.
'ಮಿರ್ಟಾ' ಅಂದಳು ಬೆರಿಲ್, 'ಜಪೀ' ಅನ್ನುವಷ್ಟರಲ್ಲಿ
ಕೆಳಗಿನ ಸೆಟ್ಟು ಪೂರಾ ಜಾರಿ
ಅವಳ ನೀಲಿ ಡಬ್ಬದೊಳಗೆ ಟಣ್ ಎಂದಿತು.

ನಾವು ನಕ್ಕೆವು. ಗೋಡೆ ಹಿಡಿದು ನಕ್ಕೆವು.
ನಾನು ಡಬ್ಬದೊಳಗೆ ಭುಜದವರೆಗೆ ಕೈ ಹಾಕಿ ನಕ್ಕೆ.
ಇದನ್ನು ಯಾವುದರ ಲೆಕ್ಕಕ್ಕೆ ಬರೆಯಲಿ, ಬಿಳಿಗೋ ಹಳದಿಗೋ?
ಹಾಳೆಯಲ್ಲಿ ಇದಕ್ಕೆ ಸಾಲೇ ಇಲ್ಲ.

ಸೆಟ್ಟು ಬೆಳಕಿಗೆ ಹಿಡಿದು ನೋಡಿದೆ. ಒಸಡು ಸವೆದಿದೆ ಅವಳದು.
ಸೋಮವಾರ ತಾ, ಬೆರಿಲ್, ಅಂದೆ,
ಬಿಗಿ ಮಾಡಿಕೊಡುತ್ತೇನೆ.