ಒಂದಕ್ಕೆ ಒಂದು

ಈ ಸಲ ಹಳೇಬೀಡಿಗೆ ಕರೆದುಕೊಂಡು ಹೋಗಲಿಲ್ಲ.
ಇಪ್ಪತ್ತೊಂಬತ್ತು ವರ್ಷ ಹೋಗಿದ್ದೇವೆ,
ಅದೇ ಜಗತಿಯ ಮೂಲೆಗಳನ್ನು ಎಣಿಸಿ
ಅದೇ ಮರದ ಕೆಳಗೆ ಚಿತ್ರಾನ್ನ ತಿಂದು ಬಂದಿದ್ದೇವೆ.
ಈ ಸಲ ಕಟ್ಟಿನಕೆರೆ ಮಾರ್ಕೆಟ್ಟು,
ಬೆಳಿಗ್ಗೆ ಐದೂವರೆ, ಚಪ್ಪಲಿಗೆ ಕೊತ್ತಂಬರಿ ಬೇರಿನ ಕೆಸರು.

ತರಕಾರಿ ಮಾರುವವರಿಗೊಂದು ಸೂರು:
ಆರನೇ ಸೆಮಿಸ್ಟರಿನ ಪ್ರಶ್ನೆ.

ನಾನು ಕಲಿತದ್ದು ಬೇರೆ ಥರ.
ಟೀ-ಸ್ಕ್ವೇರು, ಟ್ರೇಸಿಂಗ್ ಶೀಟು, ತಪ್ಪಿದ ಗೆರೆಯನ್ನು
ಅರ್ಧ ಬ್ಲೇಡಿನಲ್ಲಿ ಉಸಿರು ಬಿಗಿಹಿಡಿದು ಕೆರೆಯುವುದು.
ಅಮೋನಿಯ ಪ್ರಿಂಟಿನ ಘಾಟಿಗೆ ಕಣ್ಣಲ್ಲಿ ಬರುವ ನೀರು
ಜ್ಯೂರಿಯಲ್ಲಿ ಬರುವ ನೀರಿಗೆ ರಿಹರ್ಸಲ್ಲು.
ಮೇಷ್ಟರು ಕೆಂಪು ಪೆನ್ನು ತೆಗೆದು
ಮೆಟ್ಟಿಲಿನ ಮೇಲೊಂದು ಗೀಟು ಎಳೆದು ಹೊರಟುಬಿಡುವರು.
ಯಾಕೆ ಅಂತ ಕೇಳಿದವರಿಲ್ಲ.
ನಾನೂ ಹಾಗೇ ಎಳೆದಿದ್ದೇನೆ, ಎಷ್ಟೋ ವರ್ಷ.
ಆ ಪೆನ್ನಿನ ಇಂಕು ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ.

ಈಗ ಯಶೋಧರ ನಾಲ್ಕು ಸಾಲು ಟೈಪು ಮಾಡುತ್ತಾನೆ,
ನಾನು ಕನ್ನಡಕ ಒರೆಸುವಷ್ಟರಲ್ಲಿ ನಾಲ್ಕು ಮಾರ್ಕೆಟ್ಟು.
ನೊಣವಿಲ್ಲ, ಎಲೆಕೋಸಿನ ಸಿಪ್ಪೆಗೆ ಬಾಯಿ ಹಾಕುವ ಹಸುವಿಲ್ಲ.
ಹೊಳೆಯುವ ನೆಲದ ಮೇಲೆ ಬೆಳ್ಳನೆಯ ಜನ
ಓಡಾಡುತ್ತಾರೆ; ಒಬ್ಬರ ಕೈಲೂ ಚೀಲವಿಲ್ಲ.
"ಚೆನ್ನಾಗಿದೆ" ಅಂದೆ. ಚೆನ್ನಾಗಿಯೇ ಇತ್ತು.
ಅದೇ ಕಷ್ಟ.

ಜ್ಯೂರಿಗೆ ಬರಬೇಕಿದ್ದ ದೊಡ್ಡ ಆರ್ಕಿಟೆಕ್ಟರ ಕಾರು
ಚನ್ನರಾಯಪಟ್ಟಣದ ಹತ್ತಿರ ಕೆಟ್ಟಿತಂತೆ.
ಖಾಲಿ ಕುರ್ಚಿಗೆ ಅರಸೀಕೆರೆಯ ಜಬೀನ್ ಕರೆತಂದು ಕೂರಿಸಿದಳು
ಆಲೂಗಡ್ಡೆ ಮಾರುವ ಪುಟ್ಟಲಿಂಗಮ್ಮನನ್ನ.
ಆಕೆ ಕುರ್ಚಿಯ ತುದಿಯಲ್ಲಿ, ಸೆರಗಿನ ಗಂಟು ಹಿಡಿದುಕೊಂಡು.

"ಇದು ಒಂದಕ್ಕೆ ನೂರು, ಅಮ್ಮಾ" ಎಂದು ಶುರು ಮಾಡಿದ ಯಶೋಧರ,
ಥರ್ಮೊಕೋಲಿನ ಮಾಡೆಲ್ಲು ಮುಂದಿಟ್ಟು.
"ಒಂದಕ್ಕೆ ನೂರಾ?"
ಪುಟ್ಟಲಿಂಗಮ್ಮ ನಕ್ಕ ನಗೆಗೆ ಮಾಡೆಲ್ಲಿನ ಸೂರು ಅಲುಗಿತು.
"ಅಷ್ಟು ಲಾಭ ಯಾವ ಸಂತೇಲಿ ಬತ್ತದಪ್ಪ?
ನಮಗೆ ಒಂದಕ್ಕೆ ಒಂದೂಕಾಲು ಬಂದ್ರೆ ಅವತ್ತೇ ಹಬ್ಬ."

ಆಮೇಲೆ ಕುರ್ಚಿ ಬಿಟ್ಟು ಎದ್ದಳು,
ಸ್ಟುಡಿಯೊದ ನೆಲದಲ್ಲಿ ಚಕ್ಕಳಮಕ್ಕಳ ಕೂತಳು.
"ನಾ ಕುಂತ್ರೆ ಇಷ್ಟು. ಬಲಕ್ಕೆ ಮೂಟೆ, ಇಷ್ಟು.
ತಕ್ಕಡಿ ಎತ್ತಿದ್ರೆ ಕೈ ಇಲ್ಲೀಗಂಟ ಬತ್ತದೆ.
ಗಿರಾಕಿ ಬಗ್ಗಿದ್ರೆ ಹಿಂದೆ ಹೋಗೋ ಕೈಗಾಡಿಗೆ
ಅವನ ಅಂಡು ತಗುಲಬಾರದು.
ಮೊಮ್ಮಗ ಇಲ್ಲಿ, ಗೋಣಿ ಮ್ಯಾಲೆ ಮಲಗ್ತಾನೆ."

ಜಬೀನ್ ಸೀಮೆಸುಣ್ಣ ಹಿಡಿದು
ಆಕೆಯ ಸುತ್ತ ಗೆರೆ ಎಳೆಯುತ್ತ ಹೋದಳು,
ಒಂದಕ್ಕೆ ಒಂದು.
ಗೆರೆ ವಕ್ರ. ಯಾರೂ ಕೆರೆಯಲಿಲ್ಲ.
ಯಶೋಧರ ಲ್ಯಾಪ್‌ಟಾಪಿನಲ್ಲಿ ಹಾಸನದ ಸೂರ್ಯನನ್ನು ತೆರೆದು
ಏಪ್ರಿಲ್ಲಿನ ನಾಲ್ಕು ಗಂಟೆಗೆ ಎಳೆದು ನಿಲ್ಲಿಸಿದ:
"ಅಮ್ಮಾ, ಸೂರು ಹೀಗಿದ್ದರೆ ಬಿಸಿಲು ನಿಮ್ಮ ಕಣ್ಣಿಗೇ."
"ಅದ ಹೇಳಕ್ಕೆ ಇದು ಬೇಕಾ?" ಎಂದಳಾಕೆ. ಆದರೂ
ಇಣುಕಿ ನೋಡಿದಳು: "ಮಳೆ ಇರಚಲೂ ತೋರಿಸ್ತದಾ?"
ನಮ್ಮ ಕಾಲದಲ್ಲಿ ಸೂರ್ಯ ಎಂದರೆ ಹಾಳೆಯ ಮೂಲೆಯಲ್ಲಿ
ಉತ್ತರ ದಿಕ್ಕಿನ ಬಾಣ. ಮಿಕ್ಕದ್ದು ಊಹೆ.

ಅಂಕಪಟ್ಟಿಯಲ್ಲಿ ಕಾಲಂಗಳಿವೆ: ಪರಿಕಲ್ಪನೆಗೆ ಮೂವತ್ತು,
ಮಂಡನೆಗೆ ಇಪ್ಪತ್ತು. ನೆಲದಲ್ಲಿ ಕೂತದ್ದಕ್ಕೆ ಇಲ್ಲ.
ಹಾಗೇ ಮಡಚಿ ಜೇಬಿಗಿಟ್ಟುಕೊಂಡೆ.

ಸಂಜೆ ಎಲ್ಲ ಹೋದ ಮೇಲೆ ಸಾಕಮ್ಮ ಬಕೆಟ್ಟು ಹಿಡಿದು ಬಂದಳು.
"ಈ ಗೀಟು ಒರೆಸ್ಲಾ ಸಾ?"
"ಸ್ವಲ್ಪ ತಡಿ" ಎಂದು
ಗೋಡೆ ಹಿಡಿದು, ಮಂಡಿ ಹಿಡಿದು, ಗೆರೆಯೊಳಗೆ ಕೂತೆ.
ಅಲ್ಲಿಂದ ಡ್ರಾಯಿಂಗ್ ಮೇಜುಗಳೆಲ್ಲ ಹೊಟ್ಟೆ ತೋರಿಸುತ್ತವೆ:
ಒಣಗಿದ ಚೂಯಿಂಗ್ ಗಮ್ಮು, ಯಾರೋ ಕೊರೆದ ಯಾರದೋ ಹೆಸರು.
ಪಡುವಣದ ಕಿಟಕಿಯಿಂದ ಬಿಸಿಲು ನೇರ ಕಣ್ಣಿಗೆ ಹೊಡೆಯಿತು.
ಕೈ ಅಡ್ಡ ಹಿಡಿದೆ.

ಈ ಕಿಟಕಿಯ ನಕ್ಷೆ ಬರೆದವನು ನಾನೇ,
ತೊಂಬತ್ತೆಂಟರಲ್ಲಿ, ಶಾಯಿಯಲ್ಲಿ, ಒಂದಕ್ಕೆ ನೂರು.
ಚೆನ್ನಾಗಿದೆ ಎಂದು ಎಲ್ಲರೂ ಹೇಳಿದ್ದರು.