ಶುಕ್ರವಾರದ ನಕ್ಷೆ

ಯಾರೋ ಪ್ರವಾಸಿ ಹೆಂಗಸು ಕಲ್ಲುಬೆಂಚಿನ ಮೇಲೆ
ಮರೆತುಹೋದ ಕಾಗದ. ಮಡಿಕೆ ಬಿಚ್ಚಿದರೆ
ಬೆಂಗಳೂರಿನ ದೊಡ್ಡ ಚಿತ್ರಶಾಲೆಯ ಒಳನಕ್ಷೆ.
ಎರಡು ಮಹಡಿ, ಕೋಣೆಗೊಂದು ನಂಬರು,
ಶೌಚಾಲಯಕ್ಕೆ ನೀಲಿ ಚುಕ್ಕೆ, ಕಾಫಿಗೆ ಕಂದು.
ಸೋಮವಾರ ರಜೆ.
ನಮಗೆ ಶುಕ್ರವಾರ.
ಅಷ್ಟು ಸಾಕಾಯಿತು, ತಲೆಗೆ ಹುಳ ಬಿಡಲು.

ಹಳೇಬೀಡಿನ ಮ್ಯೂಸಿಯಮ್ಮಿನಲ್ಲಿ ನಾನು ಕಾವಲು.
ಹತ್ತೊಂಬತ್ತು ವರ್ಷ. ಒಂದು ಸೀಟಿ, ಒಂದು ಕುರ್ಚಿ,
ಕುರ್ಚಿಯ ಗಿಡ್ಡ ಕಾಲಿಗೆ ಒತ್ತುಕೊಟ್ಟ ಕಲ್ಲಿನ ಚೂರು
(ಅದು ಯಾವ ಕಾಲದ್ದೋ, ಸಾಹೇಬರಿಗೆ ಹೇಳಬೇಡಿ).

"ದಿನಾ ನೋಡೋದು ಸಾಲದು ಅಂತ
ರಜದ ದಿನ ದುಡ್ಡು ಕೊಟ್ಟು ನೋಡ್ತೀರಾ?"
ಅಂದಳು ಜಯಶೀಲ, ಅವರೆಕಾಳು ಹಿತುಕುತ್ತ.
ಒಂದು ಕಾಳು ಚಿಮ್ಮಿ ಏಳನೇ ಕೋಣೆಗೆ ಬಿತ್ತು.
ಅಲ್ಲಿಂದಲೇ ಶುರು ಅಂದುಕೊಂಡೆ.

ನಾಲ್ಕೂವರೆಗೆ ಬಾಣಾವರಕ್ಕೆ ಹಾಲಿನ ವ್ಯಾನು,
ಹಿದಾಯತ್ ಮುಂದೆ ಕೂರಿಸಿಕೊಳ್ಳುತ್ತಾನೆ.
ಅಲ್ಲಿಂದ ರೈಲು. ಹನ್ನೊಂದಕ್ಕೆ ಚಿತ್ರಶಾಲೆ ಬಾಗಿಲು.
ವಾಪಸು ಹಾಸನದಲ್ಲಿ ಕೊನೆಯ ಬಸ್ಸು ತಪ್ಪಿದರೆ
ಸ್ಟ್ಯಾಂಡಿನ ಬೆಂಚು; ಬೆಳಿಗ್ಗೆ ಒಂಬತ್ತಕ್ಕೆ ಡ್ಯೂಟಿ.
ಎಲ್ಲ ಕಳೆದು ಚಿತ್ರಗಳಿಗೆ ಉಳಿಯುವುದು ನಾಲ್ಕು ಗಂಟೆ.
ಐನೂರು ಚಿತ್ರ ಎಂದು ಬರೆದಿದೆ.
ಮಗಳ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿದೆ:
ಒಂದಕ್ಕೆ ಇಪ್ಪತ್ತೆಂಟು ಸೆಕೆಂಡು, ಚಿಲ್ಲರೆ.

ನಮ್ಮಲ್ಲಿ ಜನ ಅಷ್ಟೂ ನಿಲ್ಲುವುದಿಲ್ಲ.
ಫೋಟೊ ಹೊಡೆದು, ಹಲಗೆ ಅರ್ಧ ಓದಿ,
ಕುಡಿಯೋ ನೀರು ಎಲ್ಲಿ ಅನ್ನುತ್ತಾರೆ.
ಒಬ್ಬ ನಿಂತಿದ್ದ. ಆಲೂಗೆಡ್ಡೆ ಮಂಡಿಯ ಹಮಾಲಿ,
ಲಾರಿ ಕೆಟ್ಟು ನಿಂತಿದ್ದಕ್ಕೆ ಒಳಗೆ ಬಂದವನು.
ಮೂಗು ಒಡೆದ ಹೆಣ್ಣುಶಿಲೆಯ ಎದುರು
ಮಧ್ಯಾಹ್ನವಿಡೀ ನಿಂತು, ಹೋಗುವಾಗ ಹೇಳಿದ:
"ಇವಳಿಗೆ ಎಡಭುಜ ನೋಯ್ತಾ ಐತೆ ಸಾರ್."
ಅವತ್ತಿನಿಂದ ನನಗೂ
ಅವಳ ಮೂಗು ಕಾಣುವುದಿಲ್ಲ, ಭುಜ ಕಾಣುತ್ತದೆ.

ಐನೂರು ಬೇಡ. ಒಂದು ಸಾಕು.
ಯಾವುದು ಎಂದು ನಕ್ಷೆಗೆ ಗೊತ್ತಿಲ್ಲ.
ಅಲ್ಲೂ ಒಬ್ಬ ಕಾವಲಿನವನು ಇರುತ್ತಾನಲ್ಲ, ಅವನನ್ನೇ ಕೇಳಬೇಕು:
ಬೇಜಾರಾದಾಗ ಕುರ್ಚಿ
ಯಾವ ಚಿತ್ರದ ಕಡೆಗೆ ತಿರುಗಿಸಿಕೊಳ್ಳುತ್ತೀರಿ ಅಂತ.

ನಿಜ ಹೇಳಿಬಿಡುತ್ತೇನೆ. ಇಷ್ಟು ವರ್ಷ ನಾನು ನೋಡಿದ್ದು
ಶಿಲ್ಪಗಳನ್ನಲ್ಲ, ಕೈಗಳನ್ನು.
ಬಳೆಯ ಕೈ, ಸುಣ್ಣ ಅಂಟಿದ ಕೈ, ಐಸ್‌ಕ್ಯಾಂಡಿ ಸೋರುವ ಕೈ,
ಅಪ್ಪನ ಹೆಗಲೇರಿ ನಂದಿಯ ಕಿವಿಗೆ ಚಾಚಿದ ಪುಟ್ಟ ಕೈ.
ಎಲ್ಲಕ್ಕೂ ಸೀಟಿ ಊದಿದ್ದೇನೆ.
ಆ ಕಿವಿ ಬಲು ನುಣುಪು.
ಹೇಗೆ ಗೊತ್ತು ಎಂದು ಕೇಳಬಾರದು.

ಖಾಕಿ ಬೇಡ, ತಂಗಿಯ ಮದುವೆಯ ನೀಲಿ ಅಂಗಿ.
ಸೀಟಿ ಮನೆಯಲ್ಲೇ, ಮೊಳೆಗೆ.
ಉಳಿದದ್ದು ಈ ಎರಡು ಕೈ.
ಅಲ್ಲಿನವನು ಮೊದಲು ನೋಡುವುದು ಇವನ್ನೇ.

ಗೋಡೆಯ ಕ್ಯಾಲೆಂಡರಿನ ಎದುರು ನಿಂತು ನೋಡಿದೆ.
ಎದೆಗೆ ಕಟ್ಟಿದರೆ ಹೆಡ್‌ಮಾಸ್ತರು.
ಬೆನ್ನ ಹಿಂದೆ ಹಿಡಿದರೆ ತಹಸೀಲ್ದಾರ.
ಜೇಬಿಗೆ ಹಾಕಿದರೆ ಖಂಡಿತ ಕಳ್ಳ.
ಇಳಿಬಿಟ್ಟರೆ ಅವು ನನ್ನವಲ್ಲ ಅನ್ನಿಸುತ್ತದೆ,
ಒಣಹಾಕಿ ಮರೆತ ಬಟ್ಟೆ.

ಜಯಶೀಲ ಬಾಗಿಲಿಗೊರಗಿ ನೋಡುತ್ತಿದ್ದಳು,
ಯಾವಾಗಿನಿಂದಲೋ.
"ಏನಾದ್ರೂ ಹಿಡ್ಕೊಳ್ಳಿ, ಬುತ್ತಿ ಡಬ್ಬಿ ಕೊಡ್ಲಾ?"
ಡಬ್ಬಿ ಒಳಗೆ ಬಿಡಲ್ಲ ಅಂದೆ.
ಅವಳು ಕೈಯ ಸಿಪ್ಪೆ ಕೊಡವಿಕೊಂಡಳು:
"ಹಂಗಾದ್ರೆ ನಾನೇ ಬರ್ತೀನಿ ಬಿಡಿ."

ಈಗ ಲೆಕ್ಕ ಮೊದಲಿನಿಂದ.
ಅವಳಿಗೆ ಬಸ್ಸು ಪುಕ್ಕಟೆ, ರೈಲಲ್ಲ.
ಹಿದಾಯತ್‌ನ ವ್ಯಾನಿನಲ್ಲಿ ಮುಂದೆ ಒಂದೇ ಸೀಟು.
ಇಬ್ಬರೂ ಒಂದೇ ಚಿತ್ರ ನೋಡಬೇಕೋ
ಒಬ್ಬೊಬ್ಬರಿಗೆ ಒಂದೊಂದೋ,
ಅದನ್ನಿನ್ನೂ ಮಾತಾಡಿಲ್ಲ.