ಕೆಳಗಿನ ಬೆಂಕಿ

ಗುಂಡಿ ತಿರುಗಿಸಿದೆ. ಟಪ್.
ಕುಲಶೇಖರದ ನಮ್ಮ ಮನೆ ಪೂರ್ತಿ ಕಣ್ಣು ಮುಚ್ಚಿತು.
ಫ್ಯಾನು ಹಳೆಯ ರೂಢಿಗೆ ನಾಲ್ಕು ಸುತ್ತು ತಿರುಗಿ
ನಿಂತಿತು. ಬಚ್ಚಲಿಂದ ಹೆರಾಲ್ಡ್
ಸೋಪು ಮೆತ್ತಿದ ದನಿಯಲ್ಲಿ ಕೂಗಿದ:
"ಪುನಃ ಎಂತ ಮಾಡಿದೆ ಮಾರಾಯ್ತಿ?"

ಎಂತವೂ ಮಾಡಲಿಲ್ಲ.
ಸೋಮವಾರ ಬ್ಯಾಂಕಿನ ಪ್ರಿಯಂವದಾ ಮೇಡಮ್ ನಿವೃತ್ತಿ.
ಮೂರು ಕಿಲೋ ಕೇಕು, ಮೇಲೆ
ಲೆಡ್ಜರಿನ ಹಾಗೆ ಗೆರೆ ಎಳೆಯಬೇಕಂತೆ.
ಇವತ್ತು ಶನಿವಾರ. ಎರಡು ಡಜನು ಮೊಟ್ಟೆ
ಬುಟ್ಟಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿವೆ.

ಎರಡು ತಿಂಗಳು ಓವನಿನ ಬಾಗಿಲು ತೆರೆದಿರಲಿಲ್ಲ.
ಆಟಿಯಲ್ಲಿ ಮದುವೆಯಿಲ್ಲ, ಕೇಕು ಕೇಳುವವರಿಲ್ಲ.
ನಾದಿನಿ ಬಹರೈನಿನಿಂದ ಕಾರ್ಗೋದಲ್ಲಿ ಕಳಿಸಿದ್ದು,
ಅದರ ಚೌಕ ಪಿನ್ನಿಗೆ
ನಮ್ಮ ಗೋಡೆ ಇನ್ನೂ ಒಗ್ಗಿಲ್ಲ.

ಮೊದಲ ಅನುಮಾನ ಪ್ಲಗ್ಗಿನ ಮೇಲೆ.
ಮಿಕ್ಸಿಯನ್ನು ಅಲ್ಲೇ ಚುಚ್ಚಿದೆ, ಗರ್ ಎಂದಿತು, ನಿರಪರಾಧಿ.
ಓವನಿನ ವಯರನ್ನು ಕಿತ್ತು ಬೆರಳಲ್ಲಿ ಇಂಚಿಂಚೂ ತಡವಿದೆ,
ಇಲಿ ಕಚ್ಚಿದ ಗುರುತಿಲ್ಲ.
ಹಿಂದಿನ ತಗಡಿಗೆ ಎಂಟು ಸ್ಕ್ರೂ. ಏಳು ಬಂದವು.
ಎಂಟನೆಯದು ಉಪ್ಪುಗಾಳಿ ತಿಂದು ತಿಂದು
ತೆಂಗಿನೆಣ್ಣೆಗೂ ಬಗ್ಗಲಿಲ್ಲ. ಇರಲಿ ಅಂತ
ತಗಡನ್ನು ಅದರ ಸುತ್ತಲೇ ತಿರುಗಿಸಿದೆ.

ಒಳಗೆ ಹಲ್ಲಿಯ ಮೊಟ್ಟೆಯ ಚಿಪ್ಪು ಎರಡು,
ಇರುವೆ ಹೊತ್ತು ತಂದು ಮರೆತ
ಯಾವ ಕ್ರಿಸ್ಮಸ್ಸಿನದೋ ಒಣದ್ರಾಕ್ಷಿ.

ಹೆರಾಲ್ಡ್ ಟಾರ್ಚು ಹಿಡಿದ. ಮೀಟರಿನ ಕಡ್ಡಿ ನಾನು.
ಮೇಲಿನ ಕಾಯಿಲು ಸರಿ. ಕೆಳಗಿನದೂ ತುಂಡಾಗಿಲ್ಲ.
ಆದರೆ ಒಂದು ಕಡ್ಡಿ ಕೆಳಗಿನ ಕಾಯಿಲಿಗೆ,
ಇನ್ನೊಂದು ಮೈಯ ತಗಡಿಗೆ ಮುಟ್ಟಿಸಿದರೆ
ಅಂಕಿ ಬರಲೇಬಾರದು. ಬಂತು.
ಕರೆಂಟು ಯಾರಿಗೂ ಹೇಳದೆ
ಹಿತ್ತಿಲ ಬಾಗಿಲಿಂದ ಇಳಿದು ಹೋಗುತ್ತಿದೆ.

ಹಂಪನಕಟ್ಟೆಯ ಅಂಗಡಿಗೆ ಫೋನು ಮಾಡಿದೆ.
"ಆ ಮಾಡೆಲಿನ ಕಾಯಿಲು ಈಗ ಬರುವುದಿಲ್ಲ ಮೇಡಂ,
ಹೊಸತೇ ತಕೊಳ್ಳಿ, ಆಫರ್ ಉಂಟು."

ಸೆರ್ಫಿನ್ ಮಾಂಯ್ ಇಷ್ಟು ಹೊತ್ತೂ
ಬಸಳೆ ದಂಟು ಮುರಿಯುತ್ತಿದ್ದರು.
ನಾನು ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ,
ಓವನಿನ ಗುಂಡಿ ಒಮ್ಮೆಯೂ ತಿರುಗಿಸಿದವರಲ್ಲ.
ಅವರದ್ದು ತಾಮ್ರದ ಪಾತ್ರೆ,
ಅಡಿಗೆ ಗೆರಟೆಯ ಕೆಂಡ, ಮುಚ್ಚಳದ ಮೇಲೂ ಗೆರಟೆಯ ಕೆಂಡ,
ಗಡಿಯಾರ ಅಂದರೆ ಮೂಗು.

ತಲೆಯೆತ್ತದೆ ಕೇಳಿದರು:
"ಆ ಕಂಬಿಯ ಒಳಗೆ ಎಂತ ಉಂಟು?"
"ಬಿಳಿ ಹುಡಿ, ಮಾಂಯ್. ಒಳಗಿನ ತಂತಿಯ ಸುತ್ತ."
"ಉಪ್ಪಿನ ಹಾಗಾ?"
"ಹೌದು, ಹಾಗೇ."
"ಆಟಿಯಲ್ಲಿ ಉಪ್ಪು ಎಂತ ಆಗ್ತದೆ?"

ಟಾರ್ಚು ಸ್ವಲ್ಪ ಅಲುಗಿತು.

"ಪಸೆ ಹಿಡಿದ ಕಟ್ಟಿಗೆಯನ್ನು ಬಿಸಾಡ್ತಾರಾ?
ಒಲೆಯ ಮೇಲೆ ಅಟ್ಟದಲ್ಲಿ ಇಡುವುದು."

ಕೆಳಗಿನ ಕಾಯಿಲಿನ ಎರಡೂ ವಯರು ಬಿಚ್ಚಿ
ತುದಿಗೆ ಟೇಪು ಸುತ್ತಿ, ತಗಡು ಮುಚ್ಚಿ,
ಮೇಲಿನದೊಂದನ್ನೇ ಹೊತ್ತಿಸಿದೆ.
ಬೋರ್ಡಿನ ಬುಡದಲ್ಲಿ ಹೆರಾಲ್ಡ್ ಉಸಿರು ಹಿಡಿದ.
ಬೀಳಲಿಲ್ಲ.
ಬಾಗಿಲು ಬೆರಳಷ್ಟು ತೆರೆದು
ಒಂದು ಗಂಟೆ ಬರಿಹೊಟ್ಟೆಯಲ್ಲಿ ಕಾಯಿತು.
ಸುಟ್ಟ ಧೂಳಿನ ವಾಸನೆ, ಅದರ ಹಿಂದೆ ಸಣ್ಣಗೆ ಸಿಹಿ:
ಆ ದ್ರಾಕ್ಷಿಯನ್ನು ತೆಗೆದಿರಲಿಲ್ಲ.
ಗಾಜು ಬೆವರಿತು. ಬೆವರು ಆರಿತು.

ಪ್ಲಗ್ಗು ಕಿತ್ತು, ತಣಿಸಿ, ಅಳೆದೆ. ಸೋರಿಕೆ ಉಂಟು, ಕಡಿಮೆ.
ಇನ್ನೊಂದು ಗಂಟೆ. ಆಮೇಲೆ ಇನ್ನರ್ಧ.
ಹನ್ನೊಂದೂವರೆಗೆ ಮೀಟರು
ಎಂತದೂ ಗೊತ್ತಿಲ್ಲದವರ ಹಾಗೆ ಮುಖ ಮಾಡಿತು.

ಭಾನುವಾರ ಪೂಜೆ ಮುಗಿಸಿ ಬಂದು
ಪರೀಕ್ಷೆಗೊಂದು ಸಣ್ಣ ಕೇಕು. ಅಡಿಯ ಕಾಯಿಲು
ಬಲಗಡೆ ಮೊದಲು ಕೆಂಪಾಯಿತು, ಎಡಗಡೆ ಯೋಚಿಸಿ ಯೋಚಿಸಿ.
ತಟ್ಟೆ ತಿರುಗಿಸಲು ಮರೆತೆ. ಒಂದು ಅಂಚು ಕಪ್ಪು.

ಮಾಂಯ್ ಮೂಸಿದರು, ಮುರಿದರು, ಜಗಿದರು.
"ಕೆಳಗಿನ ಬೆಂಕಿ ಜಾಸ್ತಿ," ಅಂದರು.
ಮತ್ತೆ ಆ ಕಪ್ಪು ಅಂಚನ್ನೇ
ಇನ್ನೊಂದು ತುಂಡು ಕೇಳಿದರು.